ನಿಜವಾದ ಬ್ಲ್ಯಾಕ್ ಫಂಗಸ್ ಯಾವುದು? ದೊಡ್ಡಪ್ಪನ ಕಾಲು ಮತ್ತು ನೂರು ವರ್ಷದ ಒಂದು ಕಥೆ

ಪಾತ್ರೆ ತೊಳೀತಾ ಇದನ್ನು ಕೇಳ್ತಿದ್ದರೆ ಒಳ್ಳೇದು, ಆ ವಿಷಯವೂ ಇವತ್ತು ಬರುತ್ತೆ.

ಮೊದಲೇ ಹೇಳಿಬಿಡ್ತೀನಿ. ನಾನು ಓದಿದ್ದು ಬಿಕಾಂ. ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ. ಆದರೆ ಎರಡು ವರ್ಷ ಒಂದು ಫಂಗಸ್‌ನ ಜೊತೆ ನಮ್ಮ ಮನೆಯವರು ಬದುಕಿದ್ದೇವೆ. ಹಾಗಾಗಿ ಅದರ ಇತಿಹಾಸ ಹುಡುಕಿಕೊಂಡು ಹೋದೆ. ಸಿಕ್ಕಿದ್ದನ್ನು ನಿಮಗೂ ಹೇಳಬೇಕು ಅನ್ನಿಸ್ತು.

ಕಥೆ ಶುರುವಾಗೋದು ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಕಾಲಿನಿಂದ. ಎರಡು ಎಕರೆ ಅಡಿಕೆ ತೋಟ, ಪಕ್ಕದಲ್ಲೇ ಸೊಪ್ಪಿನ ಬೆಟ್ಟ. ಜೀವಮಾನವಿಡೀ ಬರಿಗಾಲಲ್ಲೇ ಓಡಾಡಿದ ಮನುಷ್ಯ. 2014ರ ಹೊತ್ತಿಗೆ ಬಲಗಾಲಿನ ಹರಡಿನ ಮೇಲೆ ಒಂದು ಸಣ್ಣ ಗಂಟು ಎದ್ದಿತು. ನೋವಿಲ್ಲ, ಜ್ವರ ಇಲ್ಲ. ಮನೆಯಲ್ಲಿ ಎಲ್ಲರೂ ಅದಕ್ಕೆ ನರೂಲಿ ಅಂದರು. ಸುಣ್ಣ ಹಚ್ಚಿದ್ದಾಯಿತು, ಮೆಡಿಕಲ್ ಶಾಪಿನ ಮುಲಾಮು ಹಚ್ಚಿದ್ದಾಯಿತು. ಒಂದು ಕ್ಲಿನಿಕ್‌ನಲ್ಲಿ ಕತ್ತರಿಸಿ ತೆಗೆದದ್ದೂ ಆಯಿತು. ಆರು ತಿಂಗಳಿಗೆ ವಾಪಸ್ ಬಂತು, ಮೊದಲಿಗಿಂತ ಅಗಲವಾಗಿ. 2022ರ ಹೊತ್ತಿಗೆ ಅದು ಹೂಕೋಸಿನ ಥರ ಉಬ್ಬಿ, ಮೊಣಕಾಲಿನ ಕಡೆಗೆ ಹತ್ತುತ್ತಾ ಇತ್ತು.

ಆ ವರ್ಷ ಮಳೆಗಾಲದಲ್ಲಿ ನಾನೇ ರಜೆ ಹಾಕಿ ಅವರನ್ನು ದೊಡ್ಡ ಆಸ್ಪತ್ರೆಯೊಂದಕ್ಕೆ ಕರ್ಕೊಂಡು ಹೋದೆ. ಚರ್ಮದ ವಿಭಾಗದಲ್ಲಿ ಒಬ್ಬ ಯುವ ಡಾಕ್ಟರ್ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿದರು. ವಾರ ಬಿಟ್ಟು ಹೋದಾಗ ಹೇಳಿದರು: "ಇದು ಫಂಗಸ್. ಕಪ್ಪು ಬಣ್ಣದ ಫಂಗಸ್."

ದೊಡ್ಡಮ್ಮ ಅಲ್ಲೇ ಕುರ್ಚಿ ಹಿಡಿದುಕೊಂಡರು. ಯಾಕೆ ಅಂತ ನಿಮಗೆ ಗೊತ್ತಲ್ವಾ? ಒಂದು ವರ್ಷದ ಹಿಂದಷ್ಟೇ ಕೋವಿಡ್ ಎರಡನೇ ಅಲೆ ಮುಗಿದಿತ್ತು. ಟಿವಿ ಹಾಕಿದರೆ ಬ್ಲ್ಯಾಕ್ ಫಂಗಸ್, ವಾಟ್ಸಾಪ್ ತೆಗೆದರೆ ಬ್ಲ್ಯಾಕ್ ಫಂಗಸ್. ಕಣ್ಣು ಕಳೆದುಕೊಂಡವರು, ದವಡೆ ತೆಗೆಸಿಕೊಂಡವರು, ಆಂಫೋಟೆರಿಸಿನ್ ಇಂಜೆಕ್ಷನ್‌ಗಾಗಿ ಊರೂರು ಫೋನ್ ಮಾಡಿದವರು. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಅಂತ ಘೋಷಿಸೋಕೆ ರಾಜ್ಯಗಳಿಗೆ ಹೇಳಿತು. ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಕೇಸ್. ದೊಡ್ಡಮ್ಮನ ತವರಿನ ಕಡೆ ಒಬ್ಬರು ಅದರಲ್ಲೇ ತೀರಿಕೊಂಡಿದ್ದರು.

ಡಾಕ್ಟರ್ ತುಂಬ ಸಮಾಧಾನದಿಂದ ಹೇಳಿದರು. "ಅಮ್ಮ, ಅದು ಬೇರೆ, ಇದು ಬೇರೆ. ಅದರ ಹೆಸರಲ್ಲಿ ಮಾತ್ರ ಬ್ಲ್ಯಾಕ್ ಇತ್ತು. ಇದು ನಿಜವಾಗ್ಲೂ ಬ್ಲ್ಯಾಕ್."

ಈ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಂದರೆ 2021ರಲ್ಲಿ ಇಡೀ ದೇಶ ಹೆದರಿದ ಬ್ಲ್ಯಾಕ್ ಫಂಗಸ್ ಬ್ಲ್ಯಾಕ್ ಅಲ್ವಾ?

ಅಲ್ಲ. ಅದರ ಹೆಸರು ಮ್ಯೂಕರ್‌ಮೈಕೋಸಿಸ್. ಅದನ್ನು ತರೋ ರೈಜೋಪಸ್ ಥರದ ಶಿಲೀಂಧ್ರಗಳು ರಕ್ತನಾಳದೊಳಗೆ ನುಗ್ಗಿ ರಕ್ತದ ಹರಿವು ನಿಲ್ಲಿಸುತ್ತವೆ. ರಕ್ತ ಸಿಗದ ಮಾಂಸ ಸತ್ತು ಕಪ್ಪಾಗುತ್ತೆ. ಕಪ್ಪಾಗೋದು ನಮ್ಮ ಮಾಂಸ, ಫಂಗಸ್ ಅಲ್ಲ. ಮೈಯೊಳಗೇ ಕಪ್ಪು ಬಣ್ಣ ತಯಾರಿಸಿಕೊಳ್ಳೋ ಇನ್ನೊಂದು ಗುಂಪಿದೆ. ವಿಜ್ಞಾನಿಗಳು ಅವನ್ನು ಬ್ಲ್ಯಾಕ್ ಯೀಸ್ಟ್ ಅಂತಾರೆ, ನಾವು ಕಪ್ಪು ಯೀಸ್ಟ್ ಅನ್ನೋಣ. ಬೇಕರಿ ಬನ್ ಉಬ್ಬಿಸೋ ಯೀಸ್ಟ್ ಥರ ಇವೂ ಒಂಟಿ ಕೋಶಗಳಾಗಿ, ಮೊಗ್ಗು ಬಿಟ್ಟು ಬೆಳೆಯಬಲ್ಲವು. ಬೇಕಾದಾಗ ನೂಲಿನ ಥರ ಎಳೆ ಬಿಟ್ಟು ಬೂಷ್ಟಿನ ಹಾಗೂ ಬೆಳೆಯಬಲ್ಲವು. ಕೋಶದ ಗೋಡೆಯಲ್ಲಿ ಮೆಲನಿನ್ ಇರುತ್ತೆ. ನಮ್ಮ ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡೋ ಮೆಲನಿನ್‌ನ ನೆಂಟ ಅಂದುಕೊಳ್ಳಿ.

ಡಾಕ್ಟರ್ ಆ ದಿನ ಮೈಕ್ರೋಸ್ಕೋಪ್‌ನಲ್ಲಿ ದೊಡ್ಡಪ್ಪನಿಗೇ ಸ್ಲೈಡ್ ತೋರಿಸಿದರು. ಕಂದು ಬಣ್ಣದ ದುಂಡನೆ ಕೋಶಗಳು, ದಪ್ಪ ಗೋಡೆ, ನಡುವೆ ಅಡ್ಡಗೆರೆ. ಕೆಲವಕ್ಕೆ ಪ್ಲಸ್ ಚಿಹ್ನೆ ಹಾಕಿದ ಹಾಗೆ ಎರಡು ಗೆರೆ. ದೊಡ್ಡಪ್ಪ ಒಂದು ಕಣ್ಣು ಮುಚ್ಚಿ ನೋಡಿ, "ಏ ತಮ್ಮಾ, ಹೋಳು ಮಾಡಿದ ಅಡಿಕೆ ಹಂಗೇ ಕಾಣ್ತದಲ್ಲ ಮಾರಾಯ" ಅಂದರು.

ವೈದ್ಯಕೀಯ ಪುಸ್ತಕಗಳಲ್ಲಿ ಇವಕ್ಕೆ ತಾಮ್ರದ ಕಾಸು ಅಂತ ಅಡ್ಡಹೆಸರಿದೆ. ನನಗೆ ದೊಡ್ಡಪ್ಪನ ಹೋಲಿಕೆಯೇ ಸರಿ ಅನ್ನಿಸ್ತು. ಇನ್ನೊಂದು ಹೆಸರು ಮೆಡ್ಲಾರ್ ಬಾಡಿ. ಈ ಮೆಡ್ಲಾರ್ ಯಾರು? ಇಲ್ಲಿಂದ ಇತಿಹಾಸ ಶುರು.

1911. ಬ್ರೆಜಿಲ್‌ನ ಸಾವೊ ಪಾಲೊ. ಅಲೆಕ್ಸಾಂಡ್ರಿನೊ ಪೆಡ್ರೋಸೊ ಅನ್ನೋ ವೈದ್ಯನ ಹತ್ತಿರ ಒಬ್ಬ ರೋಗಿ ಬಂದ. ಕಾಲಿನ ಮೇಲೆ ವಾಸಿಯಾಗದ ಗಂಟುಗಳು. ಒಳಗೆ ಕಂದು ದುಂಡು ಕೋಶಗಳು. ಪೆಡ್ರೋಸೊ ನೋಡಿದ, ಬರೆದಿಟ್ಟುಕೊಂಡ, ಆದರೆ ತಕ್ಷಣ ಪ್ರಕಟಿಸಲಿಲ್ಲ.

ಅದೇ ದೇಶದ ಮಿನಾಸ್ ಜೆರೈಸ್ ಪ್ರಾಂತ್ಯದ ಎಸ್ಟ್ರೆಲಾ ದೊ ಸುಲ್ ಊರಿನಲ್ಲಿ ಮ್ಯಾಕ್ಸ್ ರುಡಾಲ್ಫ್ ಅನ್ನೋ ಜರ್ಮನ್ ವೈದ್ಯನಿದ್ದ. ಅವನು ಇಂಥದ್ದೇ 6 ರೋಗಿಗಳನ್ನು ನೋಡಿದ. ಅಲ್ಲಿನ ಜನ ಈ ಕಾಯಿಲೆಗೆ ಆಗಲೇ ಹೆಸರಿಟ್ಟಿದ್ದರು, ಫಿಗೇರಾ ಅಂತ. ಅಂದರೆ ಅಂಜೂರದ ಮರ. ನೋಡಿ, ಡಾಕ್ಟರುಗಳಿಗೆ ಗೊತ್ತಾಗೋ ಮೊದಲೇ ಜನಕ್ಕೆ ಗೊತ್ತಿತ್ತು, ಹೆಸರಿಡುವಷ್ಟು ಚೆನ್ನಾಗಿ ಗೊತ್ತಿತ್ತು. ರುಡಾಲ್ಫ್ 1914ರಲ್ಲಿ ಒಂದು ಜರ್ಮನ್ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದ. ಅದೇ ವರ್ಷ ಮೊದಲನೇ ಮಹಾಯುದ್ಧ ಶುರುವಾಯಿತು. ಇವನ ಲೇಖನ ಬಹಳ ಕಾಲ ಹೆಚ್ಚಿನವರ ಗಮನಕ್ಕೆ ಬರಲಿಲ್ಲ.

ಮಾರನೇ ವರ್ಷ, 1915, ಅಮೆರಿಕದ ಬಾಸ್ಟನ್. ಲೇನ್ ಅನ್ನೋ ಚರ್ಮವೈದ್ಯ, ಮೆಡ್ಲಾರ್ ಅನ್ನೋ ರೋಗಶಾಸ್ತ್ರಜ್ಞ, ಇಬ್ಬರೂ ಒಬ್ಬನೇ ಒಬ್ಬ ರೋಗಿಯ ಬಗ್ಗೆ ಬರೆದರು. ಆ ಶಿಲೀಂಧ್ರಕ್ಕೆ ಫಿಯಾಲೊಫೊರಾ ವೆರುಕೋಸಾ ಅಂತ ಹೆಸರಿಟ್ಟಿದ್ದು ಮೆಡ್ಲಾರ್. ಕೋಶಗಳಿಗೆ ಅವನ ಹೆಸರೇ ನಿಂತಿತು.

ಪೆಡ್ರೋಸೊ 1920ರಲ್ಲಿ, ಗೋಮೆಸ್ ಅನ್ನೋ ಸಹೋದ್ಯೋಗಿ ಜೊತೆ, ತನ್ನ ರೋಗಿಗಳ ಬಗ್ಗೆ ಕೊನೆಗೂ ಬರೆದ. ಅಷ್ಟರಲ್ಲಿ 9 ವರ್ಷ ಕಳೆದಿತ್ತು. 1922ರಲ್ಲಿ ಬ್ರುಂಪ್ಟ್ ಅನ್ನೋ ಫ್ರೆಂಚ್ ವಿಜ್ಞಾನಿ ಬ್ರೆಜಿಲ್‌ನ ಶಿಲೀಂಧ್ರಕ್ಕೆ ಪೆಡ್ರೋಸೊ ಹೆಸರು ಸೇರಿಸಿದ. ಇವತ್ತು ಅದು ಫೋನ್ಸೆಸಿಯಾ ಪೆಡ್ರೋಸೊಯಿ. ಅದೇ 1922ರಲ್ಲಿ ಬ್ರೆಜಿಲ್‌ನ ವೈದ್ಯರು ಕಾಯಿಲೆಗೂ ಹೆಸರಿಟ್ಟರು: ಕ್ರೋಮೋಬ್ಲಾಸ್ಟೋಮೈಕೋಸಿಸ್. ಕ್ರೋಮೋ ಅಂದರೆ ಬಣ್ಣ, ಬ್ಲಾಸ್ಟೋ ಅಂದರೆ ಮೊಗ್ಗು.

ಇಲ್ಲೊಂದು ತಮಾಷೆ ಇದೆ. ನಮ್ಮ ಮೈಯೊಳಗೆ ಈ ಫಂಗಸ್ ಮೊಗ್ಗು ಬಿಡೋದೇ ಇಲ್ಲ. ಗೆರೆ ಹಾಕಿಕೊಂಡು ಹೋಳಾಗುತ್ತೆ ಅಷ್ಟೇ. ಅಂದರೆ ಹೆಸರೇ ತಪ್ಪು. 1935ರಲ್ಲೇ ಬದಲಾಯಿಸೋ ಪ್ರಸ್ತಾಪ ಬಂತು, ಆದರೂ ಹಳೇ ಹೆಸರೇ ಉಳಿದುಕೊಂಡಿತು. ಕಪ್ಪಲ್ಲದ ಫಂಗಸ್‌ಗೆ ನಾವು ಬ್ಲ್ಯಾಕ್ ಅಂದೆವು, ಮೊಗ್ಗು ಬಿಡದ ಕಾಯಿಲೆಗೆ ಅವರು ಮೊಗ್ಗು ಅಂದರು. ಲೆಕ್ಕ ಸರಿಹೋಯಿತು.

ಸರಿ, ಇದು ಕಾಲಿಗೆ ಬರೋದು ಹೇಗೆ? ಮಣ್ಣಿನಿಂದ, ಕೊಳೆಯೋ ಕಟ್ಟಿಗೆಯಿಂದ, ಮುಳ್ಳಿನಿಂದ. ಒಂದು ಸಣ್ಣ ಚುಚ್ಚು ಸಾಕು. ಮನುಷ್ಯರಿಂದ ಮನುಷ್ಯರಿಗೆ ಅಂಟೋದಲ್ಲ. ಬ್ರೆಜಿಲ್‌ನಲ್ಲಿ ಒಬ್ಬ ರೋಗಿ, "ನನಗೆ ಚುಚ್ಚಿದ್ದು ಇಲ್ಲೇ" ಅಂತ ಜಾಗ ತೋರಿಸಿದ. ಅಲ್ಲಿದ್ದ ಗಿಡದ ಮುಳ್ಳುಗಳನ್ನು ಸಂಶೋಧಕರು ತಂದು ಲ್ಯಾಬ್‌ನಲ್ಲಿಟ್ಟರು. ಅದರಲ್ಲಿ ಫೋನ್ಸೆಸಿಯಾ ಬೆಳೆಯಿತು. 2004ರಲ್ಲಿ ಪ್ರಕಟವಾದ ಸಂಗತಿ ಇದು. ಆ ಗಿಡ ಯಾವುದು ಗೊತ್ತಾ? ಮಿಮೋಸಾ ಪುಡಿಕಾ. ನಮ್ಮ ಮುಟ್ಟಿದರೆ ಮುನಿ.

ದಕ್ಷಿಣ ಅಮೆರಿಕದಿಂದ ಬಂದು ಮಲೆನಾಡಿನ ದಾರಿ ಬದಿಯಲ್ಲೆಲ್ಲ ಹಬ್ಬಿರೋ ಗಿಡ. ಚಿಕ್ಕಂದಿನಲ್ಲಿ ನಾವೆಲ್ಲ ಮುಟ್ಟಿ ಮುಟ್ಟಿ ಮಡಚಿಸಿದ ಗಿಡ. ಹಾಗಂತ ಪ್ರತಿ ಮುಳ್ಳಿನಲ್ಲೂ ಈ ಫಂಗಸ್ ಕೂತಿದೆ ಅಂತ ಅಲ್ಲ. ಇಂಥ ಕಡೆ ಇರಬಹುದು ಅಂತಷ್ಟೇ. ನಾನು ದೊಡ್ಡಪ್ಪನನ್ನು ಕೇಳಿದೆ, ಮುಳ್ಳು ಚುಚ್ಚಿದ್ದು ನೆನಪಿದೆಯಾ ಅಂತ. ಅವರು ನಕ್ಕರು. "ಮುಳ್ಳು ಚುಚ್ಚದ ದಿನ ಯಾವ್ದಿತ್ತು ಹೇಳು ಮಾರಾಯ."

ಈಗ ನನ್ನನ್ನು ತುಂಬ ಕಾಡಿದ ಪ್ರಶ್ನೆಗೆ ಬರ್ತೀನಿ. ಮಣ್ಣಿನಲ್ಲಿ ಸಾವಿರಾರು ಬಗೆಯ ಫಂಗಸ್ ಇವೆ. ಅದರಲ್ಲಿ ಬಹುತೇಕ ನಮ್ಮ ಮೈಯ 37 ಡಿಗ್ರಿ ಶಾಖದಲ್ಲಿ ಬೆಳೆಯಲಾರವು. ಬೆಳೆದರೂ ನಮ್ಮ ರಕ್ತದ ಬಿಳಿ ಕಣಗಳು ಬಿಡಲ್ಲ. ಹಾಗಿದ್ದ ಮೇಲೆ ಈ ಕಪ್ಪು ಗುಂಪಿಗೆ ಮಾತ್ರ ಒಳಗೆ ಬಂದು ಎಂಟು ವರ್ಷ ಕೂರೋ ಧೈರ್ಯ ಎಲ್ಲಿಂದ ಬಂತು?

ಉತ್ತರ ಹುಡುಕೋಕೆ ಆಸ್ಪತ್ರೆ ಬಿಟ್ಟು ಆಚೆ ಹೋಗಬೇಕು. ಅಂಟಾರ್ಕ್ಟಿಕಾಗೆ.

ಅಲ್ಲಿನ ಮೆಕ್‌ಮರ್ಡೊ ಒಣಕಣಿವೆಗಳು ಭೂಮಿಯ ಮೇಲಿನ ಅತಿ ಒಣ, ಅತಿ ಚಳಿಯ ಜಾಗಗಳಲ್ಲಿ ಸೇರಿವೆ. ಹೊರಗೆ ನೋಡಿದರೆ ಏನೂ ಇಲ್ಲ. 1970ರ ದಶಕದಲ್ಲಿ ಇಮ್ರೆ ಫ್ರೀಡ್‌ಮನ್ ಅನ್ನೋ ವಿಜ್ಞಾನಿ ಅಲ್ಲಿನ ಮರಳುಗಲ್ಲು ಒಡೆದು ನೋಡಿದರೆ ಕಲ್ಲಿನ ಒಳಗೇ ಜೀವ ಇತ್ತು. ಅಂಥ ಕಲ್ಲಿನಲ್ಲಿ ಬದುಕೋ ಒಂದು ಕಪ್ಪು ಶಿಲೀಂಧ್ರಕ್ಕೆ 2005ರಲ್ಲಿ ಕ್ರಯೋಮೈಸಿಸ್ ಅಂಟಾರ್ಕ್ಟಿಕಸ್ ಅಂತ ಹೆಸರಿಟ್ಟರು. 2008ರಲ್ಲಿ ಅದನ್ನು ಅಂತರಿಕ್ಷ ನಿಲ್ದಾಣದ ಹೊರಮೈಗೆ ಕಟ್ಟಿದರು. ಒಂದೂವರೆ ವರ್ಷ ಗಾಳಿ ಇಲ್ಲ, ನೀರಿಲ್ಲ, ನೇರ ಸೂರ್ಯನ ಕಿರಣ. 2009ರಲ್ಲಿ ವಾಪಸ್ ತಂದು ನೋಡಿದರೆ ಅದರಲ್ಲಿ ಒಂದಷ್ಟು ಕೋಶಗಳು ಮತ್ತೆ ಬೆಳೆದವು.

ಇನ್ನೊಂದು ಜಾಗ, ಯೂರೋಪಿನ ಸ್ಲೊವೇನಿಯಾ ದೇಶದ ಉಪ್ಪಿನ ಗದ್ದೆಗಳು. ನಮ್ಮ ಗೋಕರ್ಣದ ಹತ್ತಿರದ ಸಾಣಿಕಟ್ಟೆ ನೋಡಿದ್ದರೆ ನಿಮಗೆ ಚಿತ್ರ ಬರುತ್ತೆ. ಉಪ್ಪು ಹರಳಾಗೋ ನೀರಿನಲ್ಲಿ ಏನೂ ಬದುಕಲ್ಲ ಅಂದುಕೊಳ್ತೀವಿ. ನೀನಾ ಗುಂಡೆ ಸಿಮರ್ಮನ್ ಅನ್ನೋ ವಿಜ್ಞಾನಿಯ ತಂಡ ಅಲ್ಲಿ ಕಪ್ಪು ಯೀಸ್ಟ್‌ಗಳು ಬದುಕ್ತಿವೆ ಅಂತ 2000ದಲ್ಲಿ ತೋರಿಸಿತು. ಅದರಲ್ಲಿ ಮುಖ್ಯವಾದದ್ದು ಹೋರ್ಟಿಯಾ ವೆರ್ನೆಕಿಯೈ. ಅದೇ ಫಂಗಸ್ ಕೆಲವೊಮ್ಮೆ ಕರಾವಳಿಯ ಜನರ ಅಂಗೈಯಲ್ಲಿ ಕಪ್ಪು ಕಲೆ ಮಾಡುತ್ತೆ. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಚರ್ಮದ ಕ್ಯಾನ್ಸರ್ ಅಂತ ತಪ್ಪು ತಿಳಿದು ಹೆದರೋರಿದ್ದಾರೆ.

ಮೂರನೇ ಜಾಗ ಚೆರ್ನೋಬಿಲ್. 1986ರ ಏಪ್ರಿಲ್ 26ರಂದು ಅಣುಸ್ಥಾವರ ಸ್ಫೋಟವಾಯಿತು. ಆಮೇಲಿನ ವರ್ಷಗಳಲ್ಲಿ ಉಕ್ರೇನಿನ ನೆಲ್ಲಿ ಝ್ದಾನೋವಾ ಅನ್ನೋ ವಿಜ್ಞಾನಿ ಮತ್ತು ಅವರ ತಂಡ, ಮನುಷ್ಯ ಕಾಲಿಡಲಾಗದ ಆ ಒಡೆದ ರಿಯಾಕ್ಟರಿನ ಒಳಗಿನ ಗೋಡೆಗಳ ಮೇಲೂ ಬೂಷ್ಟು ಬೆಳೆದದ್ದನ್ನು ಕಂಡರು. ಅದರಲ್ಲಿ ಬಹಳಷ್ಟು ಕಪ್ಪು ಬಣ್ಣದ್ದು. ಕೆಲವು ವಿಕಿರಣ ಬರೋ ದಿಕ್ಕಿಗೇ ಎಳೆ ಚಾಚುತ್ತಿದ್ದವು. 2007ರಲ್ಲಿ ನ್ಯೂಯಾರ್ಕಿನ ಎಕಟರೀನಾ ದಡಾಚೋವಾ ಮತ್ತು ಆರ್ಟುರೊ ಕಾಸಡೆವಾಲ್ ಇದನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದರು. ನಮ್ಮ ಸುತ್ತ ಸಹಜವಾಗಿ ಇರೋದಕ್ಕಿಂತ 500 ಪಟ್ಟು ಹೆಚ್ಚು ವಿಕಿರಣ ಕೊಟ್ಟರೂ ಮೆಲನಿನ್ ಇದ್ದ ಶಿಲೀಂಧ್ರಗಳು ಇನ್ನೂ ಚೆನ್ನಾಗಿ ಬೆಳೆದವು. ಯೂಟ್ಯೂಬ್‌ನಲ್ಲಿ ಇದನ್ನೇ "ರೇಡಿಯೇಷನ್ ತಿನ್ನೋ ಫಂಗಸ್" ಅಂತ ಥಂಬ್‌ನೇಲ್ ಹಾಕ್ತಾರೆ. ಸ್ವಲ್ಪ ನಿಧಾನ. ಗಿಡ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಹಾಗೆ ಇವು ವಿಕಿರಣದಿಂದ ಆಹಾರ ಮಾಡಿಕೊಳ್ಳುತ್ತವೆ ಅನ್ನೋದು ಸಾಬೀತಾಗಿಲ್ಲ. ತಡೆದುಕೊಳ್ಳುತ್ತವೆ ಅನ್ನೋದು ಮಾತ್ರ ಖಚಿತ.

ಬಿಕಾಂ ಓದಿದ ನನಗೆ ಮೆಲನಿನ್ ಅರ್ಥವಾಗಿದ್ದು ರಿಸರ್ವ್ ಫಂಡ್ ಥರ. ಒಳ್ಳೇ ದಿನಗಳಲ್ಲಿ ಅದು ಬರೀ ಖರ್ಚು. ಈ ಫಂಗಸ್‌ಗಳು ಬೆಳೆಯೋದೂ ತುಂಬ ನಿಧಾನ. ಹಣ್ಣಿನ ಮೇಲೆ, ಬ್ರೆಡ್ಡಿನ ಮೇಲೆ, ಸಲೀಸಾಗಿ ಊಟ ಸಿಗೋ ಕಡೆ ಬೇರೆ ಬೂಷ್ಟುಗಳ ಜೊತೆ ಓಟಕ್ಕೆ ನಿಂತರೆ ಇವು ಸೋಲುತ್ತವೆ. ಬರಗಾಲ ಬಂದಾಗ, ಅಂದರೆ ಉಪ್ಪು, ಬಿಸಿಲು, ಚಳಿ, ವಿಷ ಬಂದಾಗ, ಬೇರೆಯವು ದಿವಾಳಿಯಾಗ್ತವೆ, ಇವು ಉಳಿಯುತ್ತವೆ. ನಮ್ಮ ಬಿಳಿ ರಕ್ತಕಣಗಳು ಫಂಗಸ್ ಮೇಲೆ ಎರಚೋ ರಾಸಾಯನಿಕಗಳೂ ಇಂಥದ್ದೇ ಒಂದು ಬರಗಾಲ. ಇದು ಊಹೆಯಲ್ಲ. 1980ರ ದಶಕದಲ್ಲಿ ಮೆಲನಿನ್ ತಯಾರಿಸಲಾಗದ ಬಿಳಿ ತಳಿಗಳನ್ನು ಇಲಿಗಳ ಮೇಲೆ ಪ್ರಯೋಗಿಸಿದರು. ಕಪ್ಪು ತಳಿಯಷ್ಟು ಜೋರು ಅವಕ್ಕೆ ಇರಲಿಲ್ಲ. ಕಲ್ಲಿನ ಮೇಲೆ ಬದುಕೋಕೆ ಹೊಲಿಸಿಕೊಂಡ ಅಂಗಿ ಮನುಷ್ಯನ ಮೈಯೊಳಗೂ ಉಪಯೋಗಕ್ಕೆ ಬಂತು.

ಆ ಇಲಿ ಪ್ರಯೋಗದಲ್ಲಿ ಬಳಸಿದ್ದು ಎಕ್ಸೋಫಿಯಾಲಾ ಡರ್ಮಟೈಟಿಡಿಸ್. ಜಪಾನಿನಲ್ಲಿ ಕಾನೋ ಅನ್ನೋ ವೈದ್ಯ 1930ರ ದಶಕದಲ್ಲಿ ಒಬ್ಬ ರೋಗಿಯ ಚರ್ಮದಿಂದ ಮೊದಲು ಬೇರ್ಪಡಿಸಿದ ಕಪ್ಪು ಯೀಸ್ಟ್ ಇದು. ಆಮೇಲೆ ಇದರ ಹೆಸರು ನಾಲ್ಕೈದು ಸಲ ಬದಲಾಯಿತು. ಹಬೆ ಸ್ನಾನದ ಮನೆಗಳಲ್ಲಿ ಸಿಕ್ಕಿತು, ರೈಲ್ವೆ ಹಳಿ ಕೆಳಗಿನ, ಟಾರಿನಂಥ ಎಣ್ಣೆ ಹಚ್ಚಿದ ಮರದ ಸ್ಲೀಪರುಗಳಲ್ಲಿ ಸಿಕ್ಕಿತು. 2011ರಲ್ಲಿ ಸ್ಲೊವೇನಿಯಾದ ಅದೇ ಗುಂಪು ಬೇರೆ ಬೇರೆ ದೇಶಗಳ 189 ಮನೆಗಳ ಡಿಶ್‌ವಾಷರ್ ಬಾಗಿಲಿನ ರಬ್ಬರ್ ಪಟ್ಟಿ ಒರೆಸಿ ನೋಡಿತು. 62 ಶೇಕಡಾ ಯಂತ್ರಗಳಲ್ಲಿ ಫಂಗಸ್ ಇತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಎಕ್ಸೋಫಿಯಾಲಾ. ಯೋಚಿಸಿ ನೋಡಿ, ಬಿಸಿನೀರು, ಕ್ಷಾರದ ಪುಡಿ, ಉಪ್ಪು. ಕ್ಲೀನ್ ಮಾಡೋಕೆ ಅಂತ ನಾವು ಕಟ್ಟಿದ ಪೆಟ್ಟಿಗೆ ಬೇರೆ ಕ್ರಿಮಿಗಳನ್ನೆಲ್ಲ ಓಡಿಸಿ ಇದೊಂದಕ್ಕೆ ಜಾಗ ಮಾಡಿಕೊಟ್ಟಿತು. ಡಿಶ್‌ವಾಷರ್ ಇರೋರು ಹೆದರಬೇಡಿ. ಆರೋಗ್ಯವಾಗಿರೋರಿಗೆ ಅದರಿಂದ ಕಾಯಿಲೆ ಬರೋದು ತೀರಾ ಅಪರೂಪ. ರಬ್ಬರ್ ಪಟ್ಟಿ ಆಗಾಗ ಒರೆಸಿ ಒಣಗಿಸಿ, ಸಾಕು.

ಅಪರೂಪ ಅಂದೆ. ಆದರೆ ಆ ಪದದ ಮೇಲೆ ತುಂಬ ಭಾರ ಹಾಕಬಾರದು ಅಂತ ಹೇಳೋ ಒಂದು ಘಟನೆ ಇದೆ. ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ಎಲ್ಲರೂ ತಿಳಿದಿರಬೇಕಾದ್ದು ಇದು.

2002, ಅಮೆರಿಕ. ಬೆನ್ನುನೋವಿಗೆ ಕೊಡೋ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಮಾರುಕಟ್ಟೆಯಲ್ಲಿ ಸಿಗ್ತಿರಲಿಲ್ಲ. ದೊಡ್ಡ ಕಂಪನಿಯ ಮಾಲು ಕಡಿಮೆಯಾದಾಗ ಕ್ಲಿನಿಕ್‌ಗಳು ಕಾಂಪೌಂಡಿಂಗ್ ಫಾರ್ಮಸಿ ಕಡೆ ತಿರುಗಿದವು. ಅಂದರೆ ಔಷಧಿಯನ್ನು ತಾವೇ ಬೆರೆಸಿ ತಯಾರಿಸಿಕೊಡೋ ಅಂಗಡಿಗಳು. ಸೌತ್ ಕ್ಯಾರೊಲಿನಾದ ಅಂಥ ಒಂದು ಫಾರ್ಮಸಿಯ ಸೀಸೆಗಳಲ್ಲಿ ಎಕ್ಸೋಫಿಯಾಲಾ ಸೇರಿಕೊಂಡಿತ್ತು. ಅದು ನೇರ ಬೆನ್ನುಹುರಿಯ ಹತ್ತಿರಕ್ಕೆ ಹೋಯಿತು. 5 ಜನಕ್ಕೆ ಸೋಂಕು, 4 ಜನಕ್ಕೆ ಮೆದುಳಿನ ಪೊರೆಯ ಉರಿಯೂತ, ಒಬ್ಬರ ಸಾವು. ತಪಾಸಣೆಗೆ ಹೋದವರಿಗೆ ಕಂಡಿದ್ದು: ಆಟೋಕ್ಲೇವ್ ಸರಿಯಾಗಿ ಓಡಿಸಿಲ್ಲ, ಅದಕ್ಕೆ ಬರೆದಿಟ್ಟ ನಿಯಮವಿಲ್ಲ, ತಯಾರಾದ ಔಷಧಿಯಲ್ಲಿ ಕ್ರಿಮಿ ಇದೆಯಾ ಅಂತ ಪರೀಕ್ಷೆಯೇ ಇಲ್ಲ. ಇದೆಲ್ಲ ಆ ವರ್ಷದ ಡಿಸೆಂಬರಿನಲ್ಲೇ ಸರ್ಕಾರಿ ವರದಿಯಾಗಿ ಪ್ರಕಟವಾಯಿತು.

5 ಜನ. ಸಣ್ಣ ಸಂಖ್ಯೆ. ಕಾನೂನು ಬದಲಾಗಲಿಲ್ಲ.

ಸರಿಯಾಗಿ 10 ವರ್ಷ ಬಿಟ್ಟು, 2012. ಅದೇ ಬಗೆಯ ಸ್ಟೀರಾಯ್ಡ್. ಈ ಸಲ ಮ್ಯಾಸಚುಸೆಟ್ಸ್‌ನ ನ್ಯೂ ಇಂಗ್ಲೆಂಡ್ ಕಾಂಪೌಂಡಿಂಗ್ ಸೆಂಟರ್. ಈ ಸಲದ ಫಂಗಸ್ ಎಕ್ಸೆರೋಹೈಲಮ್, ಸಾಮಾನ್ಯವಾಗಿ ಹುಲ್ಲಿನ ಮೇಲೆ ಬೆಳೆಯೋ ಇನ್ನೊಂದು ಕಪ್ಪು ಬೂಷ್ಟು. 20 ರಾಜ್ಯಗಳಲ್ಲಿ 753 ಜನಕ್ಕೆ ಸೋಂಕು. 2013ರ ಸರ್ಕಾರಿ ಲೆಕ್ಕದ ಪ್ರಕಾರ 64 ಸಾವು, ಆಮೇಲೆ ಆ ಸಂಖ್ಯೆ ಇನ್ನೂ ಏರಿತು. ರೋಗಿಗಳಲ್ಲಿ ಹೆಚ್ಚಿನವರು ಬೆನ್ನುನೋವು ಅಂತ ಹೋದ ಸಾಮಾನ್ಯ ಜನ. ವಿಚಾರಣೆಯಲ್ಲಿ ಒಂದೊಂದೇ ಹೊರಬಂತು. ಸ್ವಚ್ಛತೆಯ ದಾಖಲೆ ಸುಳ್ಳು, ಚೀಟಿಗಳ ಮೇಲೆ ಇಲ್ಲದ ರೋಗಿಗಳ ಹೆಸರು. ಒಬ್ಬೊಬ್ಬ ರೋಗಿಗೆ ಬೆರೆಸಿಕೊಡೋ ಅಂಗಡಿ ಅಂತ ಲೈಸೆನ್ಸ್, ಒಳಗೆ ನಡೆಯುತ್ತಿದ್ದದ್ದು ಫ್ಯಾಕ್ಟರಿ. ಅದರ ಮಾಲೀಕರಲ್ಲಿ ಒಬ್ಬನಾದ ಬ್ಯಾರಿ ಕ್ಯಾಡೆನ್‌ಗೆ 2017ರಲ್ಲಿ ವಂಚನೆಯ ಆರೋಪಗಳಲ್ಲಿ 9 ವರ್ಷ ಜೈಲಾಯಿತು, ಕೊಲೆಯ ಆರೋಪದಲ್ಲಿ ಅವನು ಬಿಡುಗಡೆಯಾದ. 2021ರಲ್ಲಿ ಶಿಕ್ಷೆ 14 ವರ್ಷಕ್ಕೂ ಮೇಲೆ ಹೆಚ್ಚಿತು. ಹೊಸ ಕಾನೂನು ಬಂದಿದ್ದು 2013ರ ನವೆಂಬರಿನಲ್ಲಿ.

ನಾನು ಕಾಲೇಜಲ್ಲಿ ಆಡಿಟಿಂಗ್ ಪೇಪರ್ ಬರೆದಿದ್ದೀನಿ. ಅಲ್ಲಿ ಒಂದು ಪಾಠ ಇತ್ತು: ಸಣ್ಣ ತಪ್ಪು ಸಿಕ್ಕರೆ ಅದರ ಮೊತ್ತ ನೋಡಬೇಡಿ, ಅದು ನುಸುಳಿ ಬಂದ ತೂತು ನೋಡಿ ಅಂತ. 2002ರಲ್ಲಿ ಆ ತೂತು ಎಲ್ಲರಿಗೂ ಕಾಣ್ತಿತ್ತು. ನೋಡಿದ್ದು ಮೊತ್ತವನ್ನು.

ಈ ಪಾಠ ಹಿಡ್ಕೊಂಡು ಈಗ ನಮ್ಮ ದೇಶಕ್ಕೆ ಬನ್ನಿ.

ಭಾರತದಲ್ಲಿ ಕ್ರೋಮೋಬ್ಲಾಸ್ಟೋಮೈಕೋಸಿಸ್ ಮೊದಲು ವರದಿಯಾಗಿದ್ದು 1957ರಲ್ಲಿ, ಅಸ್ಸಾಮಿನಿಂದ. 2017ರಲ್ಲಿ ಕೆಲವು ವೈದ್ಯರು ಅಲ್ಲಿಯವರೆಗಿನ ಭಾರತದ ವರದಿಗಳನ್ನೆಲ್ಲ ಕೂಡಿಸಿ ನೋಡಿದರು. ಒಟ್ಟು 169 ಕೇಸ್. 60 ವರ್ಷಕ್ಕೆ 169. ಇಷ್ಟು ದೊಡ್ಡ ದೇಶ, ಬರಿಗಾಲಲ್ಲಿ ಗದ್ದೆಗೆ ತೋಟಕ್ಕೆ ಇಳಿಯೋ ಕೋಟ್ಯಂತರ ಜನ, ಹಿಮಾಲಯದ ತಪ್ಪಲಿನಿಂದ ಎರಡೂ ಕರಾವಳಿಯವರೆಗೆ ಮಳೆ ಸುರಿಯೋ ಕಾಡು. ನಿಜವಾಗ್ಲೂ 169 ಜನಕ್ಕೆ ಮಾತ್ರ ಬಂದಿತ್ತು ಅಂತ ನಂಬೋಕೆ ಕಷ್ಟ. ಇದು ಕಾಯಿಲೆ ಬಂದವರ ಲೆಕ್ಕ ಅಲ್ಲ, ಯಾರೋ ಒಬ್ಬ ಡಾಕ್ಟರ್ ಗುರುತಿಸಿ, ಬರೆದು, ಅಚ್ಚು ಹಾಕಿಸಿದವರ ಲೆಕ್ಕ. ನಮ್ಮ ದೊಡ್ಡಪ್ಪ ಅದರಲ್ಲಿ ಇಲ್ಲ. ಎಂಟು ವರ್ಷ ನರೂಲಿ ಅನ್ನಿಸಿಕೊಂಡ ಗಂಟು ಯಾವ ಪಟ್ಟಿಗೂ ಸೇರಲ್ಲ.

ಇದರ ಇನ್ನೊಬ್ಬ ನೆಂಟ ಇದೆ, ಕ್ಲಾಡೋಫಿಯಾಲೊಫೊರಾ ಬಾಂಟಿಯಾನಾ. 1911ರಲ್ಲಿ ಇಟಲಿಯ ಬಾಂಟಿ ಅನ್ನೋ ವೈದ್ಯ ಒಬ್ಬ ರೋಗಿಯ ಮೆದುಳಿನಲ್ಲಿ ಕಂಡದ್ದು. ಇದು ಚರ್ಮದಲ್ಲಿ ಕೂರಲ್ಲ, ಮೆದುಳಿನಲ್ಲಿ ಕೀವುಗಡ್ಡೆ ಮಾಡುತ್ತೆ. ಬಂದವರಲ್ಲಿ ಬಹಳ ಜನ ಉಳಿಯೋದಿಲ್ಲ. ಜಗತ್ತಿನಲ್ಲಿ ವರದಿಯಾದ ಇಂಥ ಕೇಸ್‌ಗಳಲ್ಲಿ ದೊಡ್ಡ ಪಾಲು ಭಾರತದ್ದು. ಈ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಜನ? ನಾನಂತೂ ಕೇಳಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಕ್ರೋಮೋಬ್ಲಾಸ್ಟೋಮೈಕೋಸಿಸ್ ಅನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಪೆಡ್ರೋಸೊ ಮೊದಲ ರೋಗಿಯನ್ನು ನೋಡಿ 106 ವರ್ಷ ಆದ ಮೇಲೆ. ಇಷ್ಟು ತಡ ಯಾಕೆ ಅಂತ ಕೇಳಿದರೆ ನನಗೆ ಹೊಳೆಯೋದು ಕಾಮರ್ಸ್‌ನವನ ಉತ್ತರ. ಈ ರೋಗ ಒಮ್ಮೆಲೇ ಕೊಲ್ಲಲ್ಲ, ಹಾಗಾಗಿ ಬ್ರೇಕಿಂಗ್ ನ್ಯೂಸ್ ಆಗಲ್ಲ. ಅಂಟಲ್ಲ, ಹಾಗಾಗಿ ಪಟ್ಟಣದವರಿಗೆ ಭಯ ಇಲ್ಲ. ಬರೋದು ಮಣ್ಣಲ್ಲಿ ದುಡಿಯೋರಿಗೆ, ಅವರ ಹತ್ತಿರ ಕೊಳ್ಳೋ ಶಕ್ತಿ ಇಲ್ಲ, ಹಾಗಾಗಿ ಹೊಸ ಮಾತ್ರೆ ಕಂಡುಹಿಡಿಯೋಕೆ ಕಂಪನಿಗಳಿಗೆ ಲಾಭ ಇಲ್ಲ. 2021ರ ಮ್ಯೂಕರ್ ವಾರಗಳಲ್ಲಿ ಕೊಲ್ತಿತ್ತು, ನಾವು ಎದ್ದು ಕೂತೆವು. ಇದು ವರ್ಷಗಟ್ಟಲೆ ಕಾಲಿನಲ್ಲಿ ಹತ್ತುತ್ತೆ.

ಈಗ ದೊಡ್ಡಪ್ಪನ ಲೆಕ್ಕ ಕೊಡ್ತೀನಿ, ಎಕ್ಸೆಲ್ ಶೀಟ್ ನನ್ನ ಹತ್ತಿರವೇ ಇದೆ. ಇಟ್ರಾಕೊನಜೋಲ್ ಮಾತ್ರೆ, ತಿಂಗಳಿಗೆ ಎರಡು ಸಾವಿರದ ಮೇಲೆ. ನಡುವೆ ಲಿವರ್ ಪರೀಕ್ಷೆಗಳು. ದ್ರವ ಸಾರಜನಕದಿಂದ ಗಂಟು ಸುಡೋಕೆ ಆರು ಸಲ ಆಸ್ಪತ್ರೆ, ಪ್ರತಿ ಸಲವೂ ಕಾರು ಬಾಡಿಗೆ ಮತ್ತು ತೋಟದ ಒಂದು ದಿನದ ಕೆಲಸ ಖೋತಾ. ಒಟ್ಟು 16 ತಿಂಗಳು. ಇದು ಬೇಗ ಸಿಕ್ಕಿದ್ದರೆ ಸಣ್ಣ ಗಂಟನ್ನು ಪೂರ್ತಿ ಕತ್ತರಿಸಿ ತೆಗೆದು ಸಣ್ಣದರಲ್ಲೇ ಮುಗಿಸಬಹುದಿತ್ತು ಅಂತ ಡಾಕ್ಟರ್ ಹೇಳಿದರು. ಮೊದಲು ಕತ್ತರಿಸಿದವರು ಆ ಚೂರನ್ನು ಬಯಾಪ್ಸಿಗೆ ಕಳಿಸಲೇ ಇಲ್ಲ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತೆ. ಆಮೇಲೆ ನನ್ನ ಮೇಲೂ ಬರುತ್ತೆ. ಎಂಟು ವರ್ಷದಲ್ಲಿ ಎಷ್ಟು ಹಬ್ಬಕ್ಕೆ ಊರಿಗೆ ಹೋಗಿದ್ದೆ, ಎಷ್ಟು ಸಲ ಆ ಕಾಲು ನೋಡಿದ್ದೆ. ನಾನೂ ನರೂಲಿ ಅಂದವನೇ.

ಈಗ ಗಾಯ ಒಣಗಿದೆ. ಚರ್ಮ ಸುಕ್ಕಾಗಿ, ಬಿಳಿ ಕಲೆ ಉಳಿದಿದೆ. ವರ್ಷಕ್ಕೆರಡು ಸಲ ತೋರಿಸಬೇಕು, ಯಾಕಂದರೆ ವಾಪಸ್ ಬರೋ ಸಾಧ್ಯತೆ ಇದ್ದೇ ಇದೆ. ನಾನು ತಂದುಕೊಟ್ಟ ಗಂಬೂಟು ಹಾಕ್ಕೊಂಡು ತೋಟಕ್ಕೆ ಹೋಗ್ತಾರೆ. ಅಂದರೆ ನಾನು ಊರಲ್ಲಿದ್ದಾಗ ಹಾಕ್ಕೊತಾರೆ. ಇಲ್ಲದಾಗ ಅದು ಜಗಲಿ ಮೂಲೆಯಲ್ಲೇ ಇರುತ್ತೆ ಅಂತ ದೊಡ್ಡಮ್ಮ ಫೋನ್‌ನಲ್ಲಿ ಚಾಡಿ ಹೇಳ್ತಾರೆ.

ಮುಗಿಸೋ ಮುಂಚೆ ಒಂದೇ ಕೆಲಸ ಹೇಳ್ತೀನಿ. ಮುಂದಿನ ಸಲ ಊರಿಗೆ ಹೋದಾಗ ಮನೆಯಲ್ಲಿ ತೋಟ ಗದ್ದೆ ಕೆಲಸ ಮಾಡೋರ ಕಾಲು, ಕೈ ಒಂದು ಸಲ ನೋಡಿ. ತಿಂಗಳುಗಟ್ಟಲೆ ಹೋಗದ, ನಿಧಾನಕ್ಕೆ ಅಗಲವಾಗೋ, ಮೇಲೆ ಕಪ್ಪು ಚುಕ್ಕೆ ಕಾಣೋ ಗಂಟು ಇದ್ದರೆ ಮುಲಾಮು ಹುಡುಕಬೇಡಿ, ಚರ್ಮದ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. "ಇದು ಫಂಗಸ್ ಇರಬಹುದಾ, ಪರೀಕ್ಷೆ ಮಾಡ್ತೀರಾ?" ಅಂತ ಕೇಳಿ. ಬಹುತೇಕ ಸಲ ಅದು ನರೂಲಿಯೇ ಆಗಿರುತ್ತೆ, ನಗ್ತಾ ವಾಪಸ್ ಬನ್ನಿ. ಆಗಿರದಿದ್ದರೆ ಎಂಟು ವರ್ಷ ಉಳಿಯುತ್ತೆ.

ಅಲ್ಲಿವರೆಗೂ, ಕಾಲಿಗೆ ಏನಾದರೂ ಹಾಕ್ಕೊಳ್ಳಿ.